ಓಪನ್ ಸೋರ್ಸ್ ಕಲಿತರೆ ಕೆಲಸ ಸಿಗುತ್ತಾ? ಐಟಿಯವರು ಇದನ್ನು ಪುಕ್ಕಟೆ ಯಾಕೆ ಕಲಿಸ್ತಾರೆ?

ನೀವು ಕೇಳಿದ್ದು ಎರಡು ಪ್ರಶ್ನೆ. ಬಿಸಿಎ ಎರಡನೇ ವರ್ಷದಲ್ಲಿದ್ದೀರಿ, ಪಿಯುಸಿವರೆಗೂ ಕನ್ನಡ ಮಾಧ್ಯಮ, ಈಗ ಲಿನಕ್ಸ್, ಗಿಟ್ ಅಂತ ಓಪನ್ ಸೋರ್ಸ್ ಕಲಿತರೆ ನಿಜವಾಗಲೂ ಕೆಲಸ ಸಿಗುತ್ತಾ ಅನ್ನೋದು ಒಂದು. ಐಟಿಯಲ್ಲಿ ಒಳ್ಳೆ ಸಂಬಳ ಇರುವವರು ಭಾನುವಾರದ ನಿದ್ದೆ ಬಿಟ್ಟು ಇದನ್ನೆಲ್ಲ ಪುಕ್ಕಟೆ ಕಲಿಸ್ತಾರಲ್ಲ, ಅವರಿಗೇನು ಲಾಭ ಅನ್ನೋದು ಇನ್ನೊಂದು. ಎರಡನೆಯದರಲ್ಲಿ ಸ್ವಲ್ಪ ಅನುಮಾನ ಇದೆ. ಇರಲಿ, ನಿಮ್ಮ ಜಾಗದಲ್ಲಿ ನಾನಿದ್ದರೂ ಹಾಗೇ ಕೇಳುತ್ತಿದ್ದೆ. (ಗೊತ್ತಿಲ್ಲದವರಿಗೆ: ಓಪನ್ ಸೋರ್ಸ್ ಅಂದರೆ ಕೋಡನ್ನು ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಬಹುದಾದ ಸಾಫ್ಟ್‌ವೇರ್. ಲಿನಕ್ಸ್ ವಿಂಡೋಸ್ ಥರದ ಆಪರೇಟಿಂಗ್ ಸಿಸ್ಟಂ, ಗಿಟ್ ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಟೂಲ್.)

ನಾನು ತಿಪಟೂರಿನವನು. ಅಪ್ಪ ಅಲ್ಲಿನ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು, ಕಿರ್ದಿ ಬರೆಯೋದು ಅವರ ಕೆಲಸ. ಎಂಜಿನಿಯರಿಂಗ್‌ಗೆ ರ‍್ಯಾಂಕ್ ಬರಲಿಲ್ಲ, ಪೇಮೆಂಟ್ ಸೀಟಿಗೆ ದುಡ್ಡಿರಲಿಲ್ಲ, ಬಿಎಸ್ಸಿ ಮಾಡಿದೆ. 2005ರಲ್ಲಿ ಬೆಂಗಳೂರಿಗೆ ಬಂದಾಗ ಸಿಕ್ಕಿದ್ದು ಟೆಕ್ ಸಪೋರ್ಟ್ ಕೆಲಸ, ರಾತ್ರಿ ಪಾಳಿ. ಅಮೆರಿಕದಲ್ಲಿ ಯಾರದೋ ಪ್ರಿಂಟರ್ ಕೆಟ್ಟರೆ ಫೋನಿನಲ್ಲಿ ಸಮಾಧಾನ ಮಾಡೋದು. ಅದನ್ನು ಐಟಿ ಅಂತ ಊರಲ್ಲಿ ಹೇಳಿಕೊಳ್ಳುತ್ತಿದ್ದೆ.

2006ರಲ್ಲಿ ನನ್ನ ರೂಮಿಗೆ ಅಂಚೆಯಲ್ಲಿ ಒಂದು ಉಬುಂಟು ಸಿಡಿ ಬಂತು, ಉಬುಂಟು ಅಂದರೆ ಲಿನಕ್ಸ್‌ನ ಒಂದು ರೂಪ. ಆಗ ಶಿಪ್‌ಇಟ್ ಅಂತ ಒಂದು ವ್ಯವಸ್ಥೆ ಇತ್ತು. ವಿಳಾಸ ಕೊಟ್ಟರೆ ಸಾಕು, ಹೊರದೇಶದಿಂದ ಸಿಡಿ ಕಳಿಸುತ್ತಿದ್ದರು, ಅಂಚೆ ಖರ್ಚೂ ಅವರದ್ದೇ. 2011ರಲ್ಲಿ ನಿಲ್ಲಿಸಿದರು. ನನಗೆ ಬಂದಿದ್ದು 6.06, ಅಂದರೆ 2006ರ 6ನೇ ತಿಂಗಳು. ಏಪ್ರಿಲ್‌ನಲ್ಲಿ ಬರಬೇಕಿದ್ದದ್ದು ಆರು ವಾರ ತಡವಾಗಿತ್ತು. ಯಾರೂ ದುಡ್ಡು ಕೇಳದೆ ಇಷ್ಟು ದೊಡ್ಡ ಸಾಫ್ಟ್‌ವೇರ್ ಕಳಿಸುತ್ತಾರೆ ಅಂದರೆ ಏನೋ ಮೋಸ ಇರಬೇಕು ಅಂತಲೇ ನಮ್ಮ ರೂಮಿನಲ್ಲಿ ಎಲ್ಲರ ಅಭಿಪ್ರಾಯ. ನಿಮ್ಮ ಎರಡನೇ ಪ್ರಶ್ನೆಯನ್ನೇ ಅವತ್ತು ನಾವೂ ಕೇಳಿದ್ದೆವು ನೋಡಿ.

ಎಸ್.ಪಿ. ರೋಡಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿಗೆ ಆ ಸಿಡಿ ಹಾಕಿದೆ. ಪಾರ್ಟಿಷನ್ (ಡಿಸ್ಕನ್ನು ಭಾಗ ಮಾಡೋದು) ಅಂತ ಏನೋ ಕೇಳಿತು. ಅರ್ಥವಾಗದೆ 'ಮುಂದೆ' ಒತ್ತಿದೆ. ಇಡೀ ಡಿಸ್ಕ್ ಅಳಿಸಿಹೋಯಿತು. ಅದರಲ್ಲಿ ರೂಮ್‌ಮೇಟ್‌ನ ಅಕ್ಕನ ಮದುವೆ ಫೋಟೋಗಳಿದ್ದವು. ನನ್ನ ಓಪನ್ ಸೋರ್ಸ್ ಪಯಣ ಶುರುವಾಗಿದ್ದು ಹೀಗೆ.

ಆದರೂ ಲಿನಕ್ಸ್ ಬಿಡಲಿಲ್ಲ. ಇನ್ನೊಂದು ಸಣ್ಣ ಕಂಪನಿಯಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ ಸಿಕ್ಕಿತು, ಅದೂ ರಾತ್ರಿ ಪಾಳಿಯೇ. ಒಂದು ರಾತ್ರಿ ಎರಡು ಗಂಟೆಗೆ ಡಿಸ್ಕ್ ತುಂಬಿಹೋಯಿತು, ವೆಬ್‌ಸೈಟ್ ನಿಂತಿತು. ನೋಡಿದರೆ ಸರ್ವರ್ ತನ್ನ ಕೆಲಸದ ದಾಖಲೆ ಬರೆಯುವ ಒಂದು ಲಾಗ್ ಫೈಲ್ ಹೆಬ್ಬಾವಿನ ಹಾಗೆ ಬೆಳೆದಿದೆ. ಅಳಿಸಿದೆ. ಡಿಸ್ಕ್ ಮತ್ತೆ ನೋಡಿದೆ, ಹಾಗೇ ತುಂಬಿದೆ. ಫೈಲ್ ಇಲ್ಲ, ಆದರೆ ಜಾಗ ವಾಪಸ್ ಬಂದಿಲ್ಲ! ಕೈಕಾಲು ತಣ್ಣಗಾಯಿತು. ಮಲಗಿದ್ದ ಸೀನಿಯರ್‌ಗೆ ಫೋನ್ ಮಾಡಿದೆ.

"ನೀನು ಅಳಿಸಿದ್ದು ಹೆಸರು ಮಾತ್ರ ಕಣೋ, ಫೈಲ್ ಅಲ್ಲ" ಅಂದರು. ಮನೆ ಮುಂದಿನ ಬೋರ್ಡ್ ಕಿತ್ತರೆ ಒಳಗಿರುವ ಬಾಡಿಗೆದಾರ ಖಾಲಿ ಮಾಡಿದ ಹಾಗೆ ಆಗುತ್ತಾ? ವೆಬ್ ಸರ್ವರ್ ಆ ಫೈಲನ್ನು ಇನ್ನೂ ತೆರೆದಿಟ್ಟುಕೊಂಡು ಬರೆಯುತ್ತಿದೆ. ಅದು ಬಿಡುವ ತನಕ ಲಿನಕ್ಸ್ ಆ ಜಾಗವನ್ನು ಬೇರೆಯವರಿಗೆ ಕೊಡೋದಿಲ್ಲ. ಸರ್ವಿಸ್ ರೀಸ್ಟಾರ್ಟ್ ಮಾಡು. ಮಾಡಿದೆ, ಜಾಗ ಬಂತು. ಫೋನ್ ಇಡುವ ಮುಂಚೆ ಅವರು ಇನ್ನೊಂದು ಮಾತು ಹೇಳಿದರು: "ಮುಂದಿನ ವಾರ ಹೊಸ ಹುಡುಗ ಸೇರ್ತಾನೆ, ಅವನಿಗೆ ಇದನ್ನ ನೀನೇ ಹೇಳಿಕೊಡು."

ಹೇಳಿಕೊಡಲು ಕೂತಾಗ ಗೊತ್ತಾಯಿತು, ನನಗೆ ಅರ್ಧವೇ ಅರ್ಥವಾಗಿದೆ ಅಂತ. ಆ ಹುಡುಗ "ಹಾಗಾದ್ರೆ ಅಳಿಸದೆ ಫೈಲನ್ನು ಖಾಲಿ ಮಾಡೋಕಾಗಲ್ವಾ?" ಅಂದ. ಆಗುತ್ತೆ. ಅದು ನನಗೇ ಹೊಳೆದಿರಲಿಲ್ಲ. ಬಾಡಿಗೆದಾರನನ್ನು ಹೊರಗೆ ಕಳಿಸದೆ ಸಾಮಾನು ಮಾತ್ರ ತೆಗೆದ ಹಾಗೆ. ನನ್ನ ಮೊದಲ ಕ್ಲಾಸ್ ಅದು, ಒಬ್ಬನೇ ವಿದ್ಯಾರ್ಥಿ, ಜಾಗ ಆಫೀಸ್ ಪ್ಯಾಂಟ್ರಿ.

ಆಮೇಲೆ ಲಿನಕ್ಸ್ ಕಂಪನಿ ರೆಡ್ ಹ್ಯಾಟ್‌ನ ಆರ್‌ಎಚ್‌ಸಿಇ ಅನ್ನೋ ಸರ್ಟಿಫಿಕೇಟ್ ಪರೀಕ್ಷೆ ಕಟ್ಟಿದೆ. ಅದರಲ್ಲಿ ಬರೆಯೋದು ಇಲ್ಲ. ಒಂದು ಮೆಷಿನ್ ಕೊಟ್ಟು ಕೆಲಸ ಮಾಡಿಸುತ್ತಾರೆ. ರೀಬೂಟ್ ಆದಮೇಲೂ ಉಳಿಯುವ ಸೆಟ್ಟಿಂಗ್‌ಗೆ ಮಾತ್ರ ಅಂಕ. ನಾನು ಎಲ್ಲವನ್ನೂ ಸರಿಯಾಗಿ ಮಾಡಿ, ಒಂದು ಫೈಲಿನಲ್ಲಿ ಒಂದು ಅಕ್ಷರ ತಪ್ಪು ಬರೆದಿದ್ದೆ. ರೀಬೂಟ್ ಆಯಿತು, ಮೆಷಿನ್ ಮೇಲೇಳಲಿಲ್ಲ. ನಾನೂ ಸ್ವಲ್ಪ ಹೊತ್ತು ಏಳಲಿಲ್ಲ. ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ ಹೋಯಿತು. ಎರಡನೇ ಸಲ ಪಾಸಾದೆ.

2009ರಲ್ಲಿ ಆರ್ಥಿಕ ಹಿಂಜರಿತದ ಬಿಸಿ ನಮಗೂ ತಟ್ಟಿತು. ಒಂದು ಶುಕ್ರವಾರ ಹದಿನೈದು ಜನರನ್ನು ಕರೆದು ಕವರ್ ಕೊಟ್ಟರು, ನಾನೂ ಒಬ್ಬ. ತಿಪಟೂರಿಗೆ ವಾಪಸ್. ನಾಲ್ಕು ತಿಂಗಳು ಅಪ್ಪನ ಮಂಡಿಯಲ್ಲೇ ಕೂರುತ್ತಿದ್ದೆ. ಅವರ ಲೆಕ್ಕವನ್ನು ಓಪನ್‌ಆಫೀಸ್‌ಗೆ ಹಾಕಿಕೊಟ್ಟೆ. ಅಪ್ಪ ಎರಡು ದಿನ ನೋಡಿ "ಚೆನ್ನಾಗಿದೆ" ಅಂದು, ಮತ್ತೆ ಪೆನ್ನು ಹಿಡಿದು ಕಿರ್ದಿ ಬರೆಯೋಕೆ ಶುರುಮಾಡಿದರು. ಅದೇ ಬಿಡುವಿನಲ್ಲಿ ನಾನು ದಿನಾ ಬಳಸುತ್ತಿದ್ದ ಒಂದು ಸಣ್ಣ ಟೂಲಿನ ಕೈಪಿಡಿಯಲ್ಲಿ ಒಂದು ಹೆಜ್ಜೆ ತಪ್ಪಾಗಿದ್ದನ್ನು ಕಂಡು, ತಿದ್ದಿ ಕಳಿಸಿದೆ. ಮೂರು ಸಾಲು. ಅವರು ಎರಡು ಸಲ ವಾಪಸ್ ಕಳಿಸಿದರು, ಮೂರನೇ ಸಲ ಒಪ್ಪಿದರು. ಮುಂದಿನ ಇಂಟರ್‌ವ್ಯೂನಲ್ಲಿ "ನಾಲ್ಕು ತಿಂಗಳು ಏನು ಮಾಡಿದ್ರಿ?" ಅಂತ ಕೇಳಿದಾಗ ತೋರಿಸಲು ನನ್ನ ಹತ್ತಿರ ಇದ್ದದ್ದು ಅದೊಂದೇ. ಅರ್ಧ ಗಂಟೆ ಅದರ ಬಗ್ಗೆಯೇ ಮಾತಾಡಿದೆವು. ಆ ಮೂರು ಸಾಲಿಗೇ ಕೆಲಸ ಸಿಕ್ಕಿತು ಅಂತ ಹೇಳೋದಿಲ್ಲ. ಆದರೆ ಬಿಎಸ್ಸಿ ಓದಿದವನನ್ನು ಅಲ್ಲಿಯವರೆಗೆ ಯಾರೂ ಅರ್ಧ ಗಂಟೆ ಮಾತಾಡಿಸಿರಲಿಲ್ಲ.

ಅಲ್ಲಿಂದ ಮುಂದಿನದು ಮಾಮೂಲಿ ಕಥೆ. ಅಡ್ಮಿನ್, ಸೀನಿಯರ್ ಅಡ್ಮಿನ್, ಕ್ಲೌಡ್, ಡೆವಾಪ್ಸ್ (ಸಾಫ್ಟ್‌ವೇರ್ ಬರೆಯೋದನ್ನೂ ಅದನ್ನು ಸರ್ವರ್‌ನಲ್ಲಿ ನಡೆಸೋದನ್ನೂ ಜೋಡಿಸುವ ಕೆಲಸ), ಆಮೇಲೆ ಮ್ಯಾನೇಜರ್. ಸಂಬಳ ಏರಿತು, ಟೈಪ್ ಮಾಡುವ ಕೆಲಸ ನಿಂತಿತು. ದಿನವೆಲ್ಲ ಮೀಟಿಂಗ್, ಸಂಜೆ ಎಕ್ಸೆಲ್.

ಕಲಿಸೋದು ಶುರುವಾಗಿದ್ದು 2013ರಲ್ಲಿ. ನಮ್ಮ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ನನ್ನ ಹಳೇ ಸಹಪಾಠಿ ಉಪನ್ಯಾಸಕ. "ತಿಂಗಳಿಗೆ ಎರಡು ಭಾನುವಾರ ಬಾ ಮಾರಾಯ" ಅಂದ. ಅಮ್ಮನನ್ನು ನೋಡಿದ ಹಾಗೂ ಆಗುತ್ತೆ ಅಂತ ಒಪ್ಪಿಕೊಂಡೆ. ಲ್ಯಾಬಿನಲ್ಲಿ ಇಪ್ಪತ್ತು ಕಂಪ್ಯೂಟರ್, ನಡೆಯುತ್ತಿದ್ದದ್ದು ಹನ್ನೆರಡು. ಎಲ್ಲದರಲ್ಲೂ ವಿಂಡೋಸ್ ಎಕ್ಸ್‌ಪಿ. ಮುಂದಿನ ವರ್ಷ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಅದಕ್ಕೆ ಬೆಂಬಲ ನಿಲ್ಲಿಸುವುದಿತ್ತು, ಹೊಸ ವಿಂಡೋಸ್ ಆ ಮೆಷಿನ್‌ಗಳಲ್ಲಿ ಓಡುತ್ತಿರಲಿಲ್ಲ. ಕ್ಲಾಸ್ ಶುರುವಾಗುವ ಮುಂಚೆಯೇ ಉಬುಂಟುವಿನ ಹಗುರ ರೂಪ ಲುಬುಂಟು ಹಾಕಿದೆವು, ಓಡಿತು. ಓಪನ್ ಸೋರ್ಸ್ ಆ ಲ್ಯಾಬಿಗೆ ಕಾಲಿಟ್ಟಿದ್ದು ತತ್ವದಿಂದ ಅಲ್ಲ, ರ‍್ಯಾಮ್ ಕಡಿಮೆ ಇದ್ದದ್ದರಿಂದ.

ನನ್ನ ಮೊದಲ ಭಾನುವಾರ ಪೂರ್ತಿ ಫೇಲ್. ಅರವತ್ತು ಸ್ಲೈಡ್ ಮಾಡಿಕೊಂಡು ಹೋಗಿದ್ದೆ. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನೂ ಅನ್ನೋ ಮುಕ್ತ ಸಾಫ್ಟ್‌ವೇರ್ ಯೋಜನೆ ಘೋಷಿಸಿದ್ದು, 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಲಿನಕ್ಸ್ ಶುರುಮಾಡಿದ್ದು, ಸಾಫ್ಟ್‌ವೇರನ್ನು ಬಳಸುವ, ನೋಡುವ, ಹಂಚುವ, ತಿದ್ದುವ ನಾಲ್ಕು ಸ್ವಾತಂತ್ರ್ಯಗಳು. ಹಿಂದಿನ ಬೆಂಚು ಮಲಗಿತ್ತು, ಮುಂದಿನ ಬೆಂಚು ಮರ್ಯಾದೆಗೆ ಎಚ್ಚರ ಇತ್ತು. ಕೊನೆಗೆ ಒಬ್ಬಳು ಹುಡುಗಿ ಕೈ ಎತ್ತಿ "ಸರ್, ಇದರಲ್ಲಿ ಕನ್ನಡ ಟೈಪ್ ಮಾಡಬಹುದಾ?" ಅಂದಳು.

ಮಾಡಬಹುದು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲಿ 'ಕಗಪ' ಅನ್ನೋ ಹೆಸರಿನಲ್ಲಿ ಮೊದಲೇ ಇದೆ, ಸೆಟ್ಟಿಂಗ್‌ನಲ್ಲಿ ಆರಿಸಿಕೊಂಡರೆ ಮುಗಿಯಿತು. ಎಫ್ ಕೀ ಒತ್ತಿದರೆ ಒತ್ತು. ಹತ್ತು ನಿಮಿಷದಲ್ಲಿ ಹನ್ನೆರಡೂ ಮೆಷಿನ್‌ನಲ್ಲಿ ಹುಡುಗರು ತಮ್ಮ ಹೆಸರು, ಊರಿನ ಹೆಸರು, ಒಬ್ಬ ತನ್ನ ಹೀರೋ ಹೆಸರು ಬರೆಯುತ್ತಿದ್ದರು. ಮಲಗಿದ್ದವರೂ ಎದ್ದು ಬಂದರು. ಸ್ಲೈಡುಗಳನ್ನು ಅವತ್ತೇ ಎಸೆದೆ.

ಆಮೇಲೆ ನಿಧಾನವಾಗಿ ತಿಳಿದದ್ದು, ಈ ಹುಡುಗರಿಗೆ ಕಷ್ಟ ಕಮಾಂಡ್‌ಗಳಲ್ಲ. ಕಮಾಂಡ್ ಟೈಪ್ ಮಾಡುವ ಕಪ್ಪು ಸ್ಕ್ರೀನ್ ಇಂಗ್ಲಿಷಿನಲ್ಲಿ ಬೈಯುತ್ತೆ, ಅದೇ ಭಯ. ಎರರ್ ಬಂದ ತಕ್ಷಣ ವಿಂಡೋ ಮುಚ್ಚಿ "ಎರರ್ ಬಂತು ಸರ್" ಅಂತ ಕೂಗುತ್ತಿದ್ದರು. ಏನು ಬಂತು ಅಂದರೆ ಗೊತ್ತಿಲ್ಲ. ಅದಕ್ಕೆ ಒಂದು ನಿಯಮ ಮಾಡಿದೆ: ನನ್ನನ್ನು ಕರೆಯುವ ಮುಂಚೆ ಎರರನ್ನು ಜೋರಾಗಿ ಓದಬೇಕು, ಆಮೇಲೆ ಕನ್ನಡದಲ್ಲಿ ಹೇಳಬೇಕು. 'ಪರ್ಮಿಷನ್ ಡಿನೈಡ್' ಅಂದರೆ ಮನೆ ಇದೆ, ಕೀಲಿ ನಿನ್ನ ಹತ್ತಿರ ಇಲ್ಲ. 'ನೋ ಸಚ್ ಫೈಲ್' ಅಂದರೆ ಆ ಬೀದಿಯಲ್ಲಿ ಅಂಥ ಮನೆಯೇ ಇಲ್ಲ. ಎರಡಕ್ಕೂ ಮದ್ದು ಬೇರೆ ಬೇರೆ. ಅರ್ಧ ಎರರ್‌ಗಳು ಓದುವಾಗಲೇ ಪರಿಹಾರ ಆಗುತ್ತಿದ್ದವು, "ಓ, ಹೆಸರು ತಪ್ಪಾಗಿದೆ ಸರ್, ಬೇಡ ಬಿಡಿ."

ದೊಡ್ಡಕ್ಷರ ಸಣ್ಣಕ್ಷರ ಲಿನಕ್ಸ್‌ಗೆ ಬೇರೆ ಬೇರೆ ಅನ್ನೋದು ತಲೆಗೆ ಹೋಗುತ್ತಲೇ ಇರಲಿಲ್ಲ. "ಹಲ್ಲಿಗೂ ಹಳ್ಳಿಗೂ ವ್ಯತ್ಯಾಸ ಇದೆಯಾ ಇಲ್ವಾ?" ಅಂದೆ. ಆಮೇಲೆ ಯಾರೂ ತಪ್ಪಲಿಲ್ಲ. ಹಾಗೇ ಕೆಲಸ ಸರಿಯಾಗಿ ಆದರೆ ಲಿನಕ್ಸ್ ಏನೂ ಹೇಳೋದಿಲ್ಲ, ಸುಮ್ನೆ ಮುಂದಿನ ಸಾಲಿಗೆ ಹೋಗುತ್ತೆ. "ಆಯ್ತಾ ಸರ್? ಏನೂ ಬರಲಿಲ್ಲ" ಅಂತ ಕಂಗಾಲಾಗುತ್ತಿದ್ದರು. ನಮ್ಮಪ್ಪನ ಥರ ಅಂತ ತಿಳ್ಕೊಳ್ಳಿ ಅಂದೆ. ತಪ್ಪಾದರೆ ಮಾತ್ರ ಬಾಯಿ ಬಿಡೋದು.

ಗಿಟ್ ಕಲಿಸಿದ್ದೂ ಅಪ್ಪನಿಂದಲೇ. 2005ರ ಏಪ್ರಿಲ್‌ನಲ್ಲಿ ಲಿನಸ್ ಅದನ್ನು ಬರೆದಿದ್ದು ಅನಿವಾರ್ಯವಾಗಿ. ಲಿನಕ್ಸ್ ತಂಡ ಬಿಟ್‌ಕೀಪರ್ ಅನ್ನೋ ಖಾಸಗಿ ಟೂಲ್ ಬಳಸುತ್ತಿತ್ತು, ಪುಕ್ಕಟೆ ಕೊಡುವುದನ್ನು ಅವರು ನಿಲ್ಲಿಸಿದರು. ಇದು ಇತಿಹಾಸ, ಹುಡುಗರಿಗೆ ಬೇಕಿಲ್ಲ. ನಾನು ಅಪ್ಪನ ಹಳೇ ಕಿರ್ದಿ ಪುಸ್ತಕವೊಂದನ್ನು ಕ್ಲಾಸಿಗೆ ತೆಗೆದುಕೊಂಡು ಹೋದೆ. ಅದರಲ್ಲಿ ರಬ್ಬರ್ ಗುರುತು ಎಲ್ಲೂ ಇಲ್ಲ. ತಪ್ಪಾದ ಅಂಕಿಯ ಮೇಲೆ ಒಂದೇ ಗೆರೆ, ಹಳೇ ಅಂಕಿ ಕಾಣಬೇಕು. ಪಕ್ಕದಲ್ಲಿ ಸರಿಯಾದ ಅಂಕಿ, ಕೆಳಗೆ ಸಹಿ, ತಾರೀಕು. ಅಳಿಸಿದರೆ ಸಾಹುಕಾರರಿಗೆ ಅನುಮಾನ ಬರುತ್ತೆ, ರೈತನಿಗೂ ಬರುತ್ತೆ. ಗಿಟ್ ಅಂದರೆ ಇದೇ. ಪ್ರತಿ ಕಮಿಟ್‌ಗೂ, ಅಂದರೆ ದಾಖಲಾದ ಪ್ರತಿ ಬದಲಾವಣೆಗೂ, ಯಾರು, ಯಾವಾಗ, ಯಾಕೆ ಅಂತ ಇರುತ್ತೆ. ಮತ್ತೆ ಹಳೇ ದಾಖಲೆಯ ಮೇಲೆ ಬಲವಂತವಾಗಿ ಹೊಸದನ್ನು ಹೇರುವ ಫೋರ್ಸ್ ಪುಷ್ ಅಂದರೆ? ಹಾಳೆ ಹರಿಯೋದು. ಆ ಬ್ಯಾಚಿನ ಹುಡುಗರು ಇವತ್ತಿಗೂ ಆಫೀಸಿನಲ್ಲಿ ಫೋರ್ಸ್ ಪುಷ್ ಮಾಡೋಕೆ ಹೆದರುತ್ತಾರಂತೆ.

ಓಪನ್ ಸೋರ್ಸ್ ಸಾಫ್ಟ್‌ವೇರ್‌ನಲ್ಲಿರುವ ಪದಗಳ ಕನ್ನಡ ಅನುವಾದದ ಕೆಲಸವನ್ನೂ ಕೊಡುತ್ತೇನೆ, ಮೊದಲ ಕೊಡುಗೆಗೆ ಅದು ಸುಲಭದ ಬಾಗಿಲು. ಸುಲಭ ಅಂದೆ, ಆದರೆ ಜಗಳ ಜಾಸ್ತಿ. 'ಫೈಲ್' ಅನ್ನೋದಕ್ಕೆ ಬಹಳ ಕಡೆ 'ಕಡತ' ಅಂತ ಇದೆ. ಒಬ್ಬ ಹುಡುಗ "ಕಡತ ಅಂದ್ರೆ ತಾಲ್ಲೂಕು ಆಫೀಸಿನಲ್ಲಿ ಕಳೆದುಹೋಗುತ್ತಲ್ಲ ಅದಾ ಸರ್?" ಅಂತ ಕೇಳಿದ. ನನ್ನ ಮತ ಫೈಲ್‌ಗೆ. ಕ್ಲಾಸಿನಲ್ಲಿ ಅರ್ಧ ಜನ ಕಡತದ ಕಡೆ. ಬದಲಾಯಿಸಬೇಕು ಅಂದರೆ ಕಾರಣ ಬರೆದು ಕಳಿಸಬೇಕು, ಅಪರಿಚಿತರು ಪ್ರಶ್ನೆ ಕೇಳುತ್ತಾರೆ, ಉತ್ತರ ಕೊಡಬೇಕು, ಸೋತರೆ ಒಪ್ಪಬೇಕು.

ನನ್ನ ಪ್ರಕಾರ ಓಪನ್ ಸೋರ್ಸ್ ಕೌಶಲ ಅಂತ ಬೇರೆ ಏನಾದರೂ ಇದ್ದರೆ ಅದು ಇದೇ. ಹತ್ತು ಜನರ ಎದುರು ತಪ್ಪು ಮಾಡಿ, ತಿದ್ದಿಸಿಕೊಂಡು, ಮತ್ತೆ ಕಳಿಸುವ ಧೈರ್ಯ. ಕಮಾಂಡ್‌ಗಳನ್ನು ಗೂಗಲ್ ಹೇಳುತ್ತೆ. ನಮ್ಮ ಕಡೆ ಹುಡುಗರು ತಪ್ಪು ಮಾಡಿದರೆ ಬೆಂಚಿನ ಮೇಲೆ ನಿಂತು ಬೆಳೆದವರು. ಅವರಿಗೆ ಈ ಧೈರ್ಯ ತಾನಾಗಿ ಬರೋದಿಲ್ಲ. ನನಗೂ ಬಂದಿರಲಿಲ್ಲ.

ಇದನ್ನು ಅಡ್ಡದಾರಿಯಲ್ಲಿ ಮಾಡಿದರೆ ಏನಾಗುತ್ತೆ ಅಂತಲೂ ನೋಡಿದ್ದೇವೆ. 2020ರ ಅಕ್ಟೋಬರ್‌ನಲ್ಲಿ ಓಪನ್ ಸೋರ್ಸ್‌ಗೆ ಕೊಡುಗೆ ಕೊಟ್ಟವರಿಗೆ ಹ್ಯಾಕ್ಟೋಬರ್‌ಫೆಸ್ಟ್ ಅನ್ನೋ ಕಾರ್ಯಕ್ರಮ ಕೊಡುತ್ತಿದ್ದ ಟಿ-ಶರ್ಟ್‌ಗಾಗಿ ಸಾವಿರಾರು ಜನ ಯಾರದೋ ಪ್ರಾಜೆಕ್ಟ್‌ನ ಮೊದಲ ಪುಟಕ್ಕೆ ಒಂದೆರಡು ಪದ ಸೇರಿಸಿ ಕಳಿಸಿದರು. ಅವರಲ್ಲಿ ನಮ್ಮ ದೇಶದ ವಿದ್ಯಾರ್ಥಿಗಳೂ ಇದ್ದರು. ಪ್ರಾಜೆಕ್ಟ್ ನಡೆಸುವವರು ರೋಸಿಹೋದರು, ಆಯೋಜಕರು ಮೂರೇ ದಿನದಲ್ಲಿ ನಿಯಮ ಬದಲಿಸಬೇಕಾಯಿತು. ಈಗ ಅದೇ ಕೆಲಸ ಎಐನಿಂದ ನಡೆಯುತ್ತಿದೆ. ಇಂಟರ್‌ನೆಟ್‌ನಿಂದ ಡೇಟಾ ತರುವ ಕರ್ಲ್ ಟೂಲ್ ನಡೆಸುವ ಡೇನಿಯಲ್ ಸ್ಟೆನ್‌ಬರ್ಗ್, ಎಐ ಬರೆದ ಪೊಳ್ಳು ದೂರುಗಳನ್ನು ಓದಿ ಓದಿ ಸಾಕಾಗಿದೆ ಅಂತ ಬಹಿರಂಗವಾಗಿಯೇ ಹೇಳಿದ್ದಾರೆ. ನೀವು ಎಐ ಬಳಸಿ, ನಾನೂ ಬಳಸುತ್ತೇನೆ. ಆದರೆ ಎದುರಿನವರು "ಈ ಸಾಲು ಯಾಕೆ?" ಅಂದಾಗ ನಿಮ್ಮ ಬಾಯಿಂದ ಉತ್ತರ ಬರಬೇಕು.

2024ರ ಮಾರ್ಚ್‌ನಲ್ಲಿ ನಡೆದದ್ದನ್ನು ನನ್ನ ಪ್ರತಿ ಬ್ಯಾಚಿಗೂ ಹೇಳುತ್ತೇನೆ. ಎಕ್ಸ್‌ಝೆಡ್ ಅಂತ ಫೈಲ್ ಕುಗ್ಗಿಸುವ ಒಂದು ಸಣ್ಣ ಟೂಲ್, ನೋಡಿಕೊಳ್ಳುತ್ತಿದ್ದದ್ದು ಹೆಚ್ಚುಕಡಿಮೆ ಒಬ್ಬರೇ. ದಣಿದಿದ್ದರು. ಅವರಿಗೆ 'ಸಹಾಯ' ಮಾಡುತ್ತಾ ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿದ ಒಬ್ಬ ವ್ಯಕ್ತಿ ಅದರೊಳಗೆ ಕಳ್ಳಬಾಗಿಲು ಇಟ್ಟ. ಹಿಡಿದದ್ದು ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರ್. ಲಾಗಿನ್ ಆಗೋಕೆ ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆ ಅನ್ನಿಸಿತು, ಯಾಕೆ ಅಂತ ಹುಡುಕುತ್ತಾ ಹೋದರು. ಕೋಡ್ ಎಲ್ಲರಿಗೂ ತೆರೆದಿದೆ, ಆದ್ದರಿಂದ ಸುರಕ್ಷಿತ ಅಂತ ನಾನು ಕಲಿಸೋದಿಲ್ಲ. ತೆರೆದ ಬಾಗಿಲಲ್ಲಿ ಕಳ್ಳನೂ ಬರುತ್ತಾನೆ. ಆದರೆ ಹುಡುಕಲು ಬಂದವರಿಗೂ ಬಾಗಿಲು ತೆರೆದಿತ್ತು, ಅಲ್ವಾ?

ಇನ್ನು ಕೆಲಸದ ಮಾತು. 'ಓಪನ್ ಸೋರ್ಸ್ ಬೇಕು' ಅಂತ ಜಾಹೀರಾತು ಅಪರೂಪ. ಕೇಳೋದು ಲಿನಕ್ಸ್, ಗಿಟ್, ಪೈಥಾನ್ ಭಾಷೆ, ಪೋಸ್ಟ್‌ಗ್ರೆಸ್ ಡೇಟಾಬೇಸ್, ಕಂಟೇನರ್ (ಪ್ರೋಗ್ರಾಮ್ ಮತ್ತು ಅದಕ್ಕೆ ಬೇಕಾದ್ದನ್ನೆಲ್ಲ ಸೇರಿಸಿದ ಡಬ್ಬಿ) ನಡೆಸುವ ಡಾಕರ್, ಕುಬರ್ನೆಟೀಸ್. ಇವೆಲ್ಲವೂ ಓಪನ್ ಸೋರ್ಸ್‌ನಲ್ಲೇ ಬೆಳೆದವು. ಲಿನಕ್ಸ್ ಅಡ್ಮಿನ್, ಕ್ಲೌಡ್ ಸಪೋರ್ಟ್, ಡೆವಾಪ್ಸ್ ಕೆಲಸಗಳಿಗೆ ಇದೇ ಅಡಿಪಾಯ. ಆದರೆ ಬಿಸಿಎ ಅಂದ ತಕ್ಷಣ ಕೆಲವು ಕಂಪನಿಗಳು ಅರ್ಜಿಯನ್ನೇ ತೆಗೆದುಕೊಳ್ಳೋದಿಲ್ಲ, ಅದನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ನನ್ನ ಹತ್ತಿರ ಕಲಿತವರಲ್ಲಿ ಹಲವರು ಸಪೋರ್ಟ್ ಕೆಲಸದಿಂದ ಶುರುಮಾಡಿ ಮೇಲೆ ಬಂದಿದ್ದಾರೆ. ಒಬ್ಬಳು ಹಾಲಿನ ಸೊಸೈಟಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾಳೆ. ಒಬ್ಬ ವಾಪಸ್ ಅಂಗಡಿಗೆ ಹೋದ, ಬಿಲ್ಲಿಂಗ್‌ಗೆ ತಾನೇ ಸ್ಕ್ರಿಪ್ಟ್ ಬರೆದುಕೊಂಡಿದ್ದಾನೆ. ಮೂರು ತಿಂಗಳಿಗೆ ಡೆವಾಪ್ಸ್, ಕೆಲಸ ಗ್ಯಾರಂಟಿ ಅಂತ ಬೋರ್ಡ್ ಹಾಕಿದವರಿಗೆ ದುಡ್ಡು ಕಟ್ಟುವ ಮುಂಚೆ ಎರಡು ಸಲ ಯೋಚಿಸಿ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಲಿನಕ್ಸ್ ಪಾಠಗಳು ಕನ್ನಡದ ಧ್ವನಿಯಲ್ಲೇ ಇವೆ, ಪುಕ್ಕಟೆ.

ನಮಗೇನು ಲಾಭ ಅಂದಿರಲ್ಲ. ಇದೆ. ವಾರವೆಲ್ಲ ಮೀಟಿಂಗ್‌ನಲ್ಲಿ ತಲೆ ಆಡಿಸಿದವನಿಗೆ ಭಾನುವಾರ ಮಾತ್ರ ಕೈಗೆ ಕೀಬೋರ್ಡ್ ಸಿಗುತ್ತೆ. ಹುಡುಗರು ಕೇಳುವ ಪ್ರಶ್ನೆಗೆ ಉತ್ತರ ಹುಡುಕಲು ಹೋಗಿ ನಾನು ಕಂಟೇನರ್ ಕಲಿತೆ, ಆಫೀಸಿನಲ್ಲಿ ಅದು ಕೆಲಸಕ್ಕೆ ಬಂತು. ಊರಿನಲ್ಲಿ 'ಸರ್' ಅನ್ನಿಸಿಕೊಳ್ಳೋದೂ ಇಷ್ಟ, ಅದನ್ನೂ ಹೇಳಿಬಿಡುತ್ತೇನೆ. ಇನ್ನು ಆ ಸೀನಿಯರ್ ರಾತ್ರಿ ಎರಡು ಗಂಟೆಗೆ ಬೈಯದೆ ಫೋನ್ ಎತ್ತಿದ್ದರಲ್ಲ, ಅವರಿಗೆ ನಾನು ಏನೂ ವಾಪಸ್ ಕೊಟ್ಟಿಲ್ಲ. ಅವರು ಕೇಳಿದ್ದೂ ಹೊಸ ಹುಡುಗನಿಗೆ ಹೇಳಿಕೊಡು ಅಂತ ಮಾತ್ರ.

ನಿಮ್ಮ ಹತ್ತಿರ ಲ್ಯಾಪ್‌ಟಾಪ್ ಇಲ್ಲದಿದ್ದರೆ ಕಾಯಬೇಡಿ. ಆಂಡ್ರಾಯ್ಡ್ ಫೋನಿನ ಒಳಗೆ ಇರೋದೂ ಲಿನಕ್ಸ್‌ನ ತಿರುಳು, ಅಂದರೆ ಕರ್ನಲ್ಲೇ. ಎಫ್-ಡ್ರಾಯ್ಡ್ ಅನ್ನೋ ಓಪನ್ ಸೋರ್ಸ್ ಆ್ಯಪ್ ಅಂಗಡಿಯಿಂದ ಟರ್ಮಕ್ಸ್ ಅನ್ನೋ ಆ್ಯಪ್ ಹಾಕಿಕೊಳ್ಳಿ, ಕಪ್ಪು ಸ್ಕ್ರೀನ್ ಕೈಯಲ್ಲೇ ಬರುತ್ತೆ. ಲಾಕ್‌ಡೌನ್‌ನಲ್ಲಿ ನನ್ನ ಒಂದು ಬ್ಯಾಚ್ ಪೂರ್ತಿ ಅದರಲ್ಲೇ ಕಲಿಯಿತು. ಬೆರಳು ನೋಯುತ್ತೆ, ಆದರೆ ಗಿಟ್, ಪೈಥಾನ್ ಎರಡೂ ನಡೆಯುತ್ತವೆ. ಲ್ಯಾಪ್‌ಟಾಪ್ ಇದ್ದರೆ ಮೊದಲು ಪೆನ್‌ಡ್ರೈವ್‌ನಿಂದ ಲೈವ್ ಆಗಿ ಬೂಟ್ ಮಾಡಿ ಒಂದು ವಾರ ಆಡಿ ನೋಡಿ, ಡಿಸ್ಕ್ ಮುಟ್ಟಬೇಡಿ. ಇನ್‌ಸ್ಟಾಲ್ ಮಾಡಲೇಬೇಕು ಅನ್ನಿಸಿದ ದಿನ, ಪಾರ್ಟಿಷನ್ ಪುಟ ಬಂದಾಗ ನಿಲ್ಲಿಸಿ, ಪ್ರತಿ ಸಾಲು ಓದಿ. ಅದಕ್ಕೂ ಮುಂಚೆ ಮನೆಯವರ ಫೋಟೋಗಳನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ. ನನ್ನ ರೂಮ್‌ಮೇಟ್‌ನ ಅಕ್ಕ ಸಿಕ್ಕಾಗಲೆಲ್ಲ ಇನ್ನೂ ಕೇಳುತ್ತಾರೆ.